ಸೈದಾಪೇಟೆಯ ಮ್ಯಾಜಿಸ್ಟ್ರೇಟಮ್ಮ

ಕೋಡಂಬಾಕ್ಕಂನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಸೈದಾಪೇಟೆ ದೂರವಲ್ಲ. ಲೋಕಲ್ ರೈಲಿನಲ್ಲಿ ಮಾಂಬಲಂ ದಾಟಿದರೆ ಅದೇ. ಸುಮಾರು ನೂರು ವರ್ಷಗಳ ಹಿಂದೆ ಅಲ್ಲಿನ ನ್ಯಾಯಪೀಠದಲ್ಲಿ ಸಂಬಳವಿಲ್ಲದೆ ಕೂತ ಒಬ್ಬ ಹೆಣ್ಣುಮಗಳ ಬಗ್ಗೆ ಈ ಸಂಚಿಕೆಗೆ ಬರೆಯುತ್ತೇನೆ ಎಂದಾಗ ನಮ್ಮ ವೇದಿಕೆಯ ಗೆಳತಿಯರು, ಯಾರಪ್ಪಾ ಅದು ಎಂದರು. ಮಾರ್ಗರೆಟ್ ಕಸಿನ್ಸ್ ಎಂದೆ. ಯಾರಿಗೂ ನೆನಪಾಗಲಿಲ್ಲ. 1919ರಲ್ಲಿ ಮದನಪಲ್ಲಿಯಲ್ಲಿ ಟಾಗೋರರು ಹಾಡಿದ ಜನಗಣಮನಕ್ಕೆ ಸ್ವರಲಿಪಿ ಬರೆದಿಟ್ಟವರು ಎಂದ ಮೇಲೆ, ಓಹೋ ಅವರಾ ಎಂದರು.

ನನಗೆ ಅವರು ಇಷ್ಟವಾದದ್ದು ಬೇರೆ ಕಾರಣಕ್ಕೆ. ಭಾರತದ ಮೊದಲ ಮಹಿಳಾ ಮ್ಯಾಜಿಸ್ಟ್ರೇಟ್ ಎನಿಸಿಕೊಂಡ ಈ ಮಹಾತಾಯಿ, ಆ ಕುರ್ಚಿಗೆ ಬರುವ ಮೊದಲೇ ಎರಡು ಸಲ ಜೈಲು ನೋಡಿ ಬಂದಿದ್ದರು!

ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನ ಬಾಯ್ಲ್ ಎಂಬ ಊರಿನಲ್ಲಿ. ಡಬ್ಲಿನ್ನಿನಲ್ಲಿ ಸಂಗೀತ ಓದಿದರು. 1903ರಲ್ಲಿ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಮದುವೆಯಾದರು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು 1908ರಲ್ಲಿ ಗೆಳತಿಯರೊಡನೆ ಸಂಘ ಕಟ್ಟಿದರು. 1910ರಲ್ಲಿ ಲಂಡನ್ನಿನ ಪ್ರತಿಭಟನೆಯಲ್ಲಿ ಬಂಧನವಾಗಿ ಹಾಲೊವೇ ಜೈಲಿನಲ್ಲಿ ಒಂದು ತಿಂಗಳು ಕಳೆದರು. 1913ರಲ್ಲಿ ಡಬ್ಲಿನ್ ಕೋಟೆಯ ಕಿಟಕಿ ಗಾಜು ಒಡೆದು ಮತ್ತೆ ಒಂದು ತಿಂಗಳ ಶಿಕ್ಷೆ. ಈ ಬಾರಿ ಟಲಮೋರ್ ಜೈಲು. ತಮ್ಮನ್ನು ರಾಜಕೀಯ ಕೈದಿಗಳೆಂದು ಕಾಣಬೇಕೆಂದು ಅಲ್ಲಿ ಉಪವಾಸ ಕೂತರು.

ನಾನು ವಾರಕ್ಕೊಮ್ಮೆ ಇಂಥ ಮಕ್ಕಳಿರುವ ಒಂದು ಮನೆಗೆ ಲೆಕ್ಕ, ಓದು ಹೇಳಿಕೊಡಲು ಹೋಗುತ್ತೇನೆ. ಇಂಥ ಮಕ್ಕಳು ಎಂದರೆ ಸರ್ಕಾರಿ ಭಾಷೆಯಲ್ಲಿ ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದವರು. ಹೆಚ್ಚಿನವರು ತಮಿಳರು, ಅಪರೂಪಕ್ಕೆ ಕನ್ನಡದ ಹುಡುಗನೂ ಸಿಗುತ್ತಾನೆ. ಹೊರಗಿನವರು ನನ್ನನ್ನು ಮೊದಲು ಕೇಳುವುದು, ಅವನು ಏನು ಮಾಡಿದ್ದನಂತೆ ಎಂದೇ. ಹೆಸರು, ಗುರುತು ಹೇಳಲು ಕಾನೂನೇ ಬಿಡುವುದಿಲ್ಲ, ನನಗೆ ಹೇಳುವ ಮನಸ್ಸೂ ಇಲ್ಲ. ಆದರೆ ಆ ಪ್ರಶ್ನೆ ಕೇಳಿದಾಗಲೆಲ್ಲ ಟಲಮೋರಿನ ಈ ಕೈದಿ ನೆನಪಾಗುತ್ತಾರೆ. ಒಡೆದ ಗಾಜಿನ ಲೆಕ್ಕ ಒಂದನ್ನೇ ಹಿಡಿದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲವಲ್ಲ!

1915ರಲ್ಲಿ ದಂಪತಿ ಭಾರತಕ್ಕೆ ಬಂದರು. 1917ರಲ್ಲಿ ಅಡ್ಯಾರಿನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಶುರುವಾಯಿತು, ಕಟ್ಟಿದವರಲ್ಲಿ ಮಾರ್ಗರೆಟ್ ಒಬ್ಬರು. ನಡುವೆ 1919–20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಗೆ ಮೊದಲ ಮುಖ್ಯೋಪಾಧ್ಯಾಯಿನಿಯಾಗಿದ್ದರು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಸ್ವಲ್ಪದರಲ್ಲೇ ಸೋತರಲ್ಲ, ಅವರನ್ನು ಕಣಕ್ಕಿಳಿಯಲು ಹುರಿದುಂಬಿಸಿದವರೂ ಇವರೇ.

ಸೈದಾಪೇಟೆಯ ಗೌರವ ಮ್ಯಾಜಿಸ್ಟ್ರೇಟ್ ಹುದ್ದೆ ಬಂದದ್ದು 1920ರ ದಶಕದ ಆರಂಭದಲ್ಲಿ. ಗೌರವ ಎಂದರೆ ಸಂಬಳವಿಲ್ಲದ್ದು, ಇಂದಿನ ಮಾತಿನಲ್ಲಿ ಸ್ವಯಂಸೇವೆ. ಇಂಥ ಪೀಠಗಳಿಗೆ ಬರುತ್ತಿದ್ದವು ದೊಡ್ಡ ಖಟ್ಲೆಗಳಲ್ಲ, ಬೀದಿಯ ಸಣ್ಣಪುಟ್ಟ ತಪ್ಪುಗಳು. ಆಗಷ್ಟೇ 1920ರ ಮದ್ರಾಸ್ ಮಕ್ಕಳ ಕಾಯ್ದೆ ಬಂದಿತ್ತು. ದೇಶದಲ್ಲೇ ಅಂಥ ಮೊದಲ ಕಾಯ್ದೆ ಅದು. ತಪ್ಪು ಮಾಡಿದ ಮಕ್ಕಳನ್ನು ದೊಡ್ಡವರ ಜೊತೆ ಜೈಲಿಗೆ ತಳ್ಳದೆ ಬೇರೆಯಾಗಿ ವಿಚಾರಿಸಿ, ಸರ್ಟಿಫೈಡ್ ಶಾಲೆಗೆ ಕಳಿಸುವ ದಾರಿಯನ್ನು ಅದು ತೆರೆಯಿತು. ಮಕ್ಕಳ ವಿಚಾರಣೆಯಲ್ಲಿ ಹೆಂಗಸರೂ ಕೂರಬೇಕೆಂದು ಮಹಿಳಾ ಸಂಘಗಳು ಕೇಳತೊಡಗಿದ್ದವು. ಇಂದಿನ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅದು ನಿಯಮವೇ ಆಗಿದೆ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಮಕ್ಕಳ ಆರೋಗ್ಯ, ಶಿಕ್ಷಣ, ಕ್ಷೇಮದ ಕೆಲಸದಲ್ಲಿ ಏಳು ವರ್ಷ ತೊಡಗಿದವರಿಗೆ ಇದಕ್ಕೆ ಅವಕಾಶವಿದೆ. ನಮ್ಮ ಸಂಘದಲ್ಲೇ ಎಷ್ಟು ನಿವೃತ್ತ ಟೀಚರುಗಳಿದ್ದಾರೆ, ಎಣಿಸಿ ನೋಡಿ.

ಮ್ಯಾಜಿಸ್ಟ್ರೇಟ್ ಆದರು ಎಂದು ಸರ್ಕಾರದ ಬಾಲ ಹಿಡಿದವರಲ್ಲ ಮಾರ್ಗರೆಟ್. 1932ರಲ್ಲಿ ವಾಕ್‌ಸ್ವಾತಂತ್ರ್ಯ ಕಸಿದ ಸುಗ್ರೀವಾಜ್ಞೆಗಳ ವಿರುದ್ಧ ಮದ್ರಾಸಿನಲ್ಲಿ ಭಾಷಣ ಮಾಡಿದರು, ಒಂದು ವರ್ಷದ ಶಿಕ್ಷೆಯಾಯಿತು. ತೀರ್ಪು ಕೊಟ್ಟ ಕೈ ಈಗ ವೆಲ್ಲೂರಿನ ಹೆಂಗಸರ ಜೈಲಿನಲ್ಲಿ ಕಂಬಿ ಹಿಡಿಯಿತು. ಆಗ ಅವರಿಗೆ ವಯಸ್ಸು ಐವತ್ತನಾಲ್ಕು.

ಹೊರಗೆ ಬಂದ ಮೇಲೂ ಸುಮ್ಮನಿರಲಿಲ್ಲ. 1927ರಲ್ಲಿ ತಾವೇ ಮುಂದೆ ನಿಂತು ಆರಂಭಿಸಿದ್ದ ಅಖಿಲ ಭಾರತ ಮಹಿಳಾ ಸಮ್ಮೇಳನಕ್ಕೆ 1936ರಲ್ಲಿ ಅಧ್ಯಕ್ಷೆಯಾದರು. 1940ರ ದಶಕದಲ್ಲಿ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದರು. ಸಂಬಳವಿಲ್ಲದ ಕೆಲಸದಲ್ಲೇ ಆಯುಷ್ಯ ಕಳೆದವರ ಕೈಯಲ್ಲಿ ಎಷ್ಟು ಉಳಿದಿದ್ದೀತು? ಮದ್ರಾಸ್ ಸರ್ಕಾರ, ಆಮೇಲೆ ನೆಹರೂ ಅವರು, ದೇಶಕ್ಕೆ ಮಾಡಿದ ಸೇವೆಗಾಗಿ ಎಂದು ಹಣದ ನೆರವು ಕೊಟ್ಟರು. ಮಾರ್ಗರೆಟ್ ತೀರಿಕೊಂಡದ್ದು 1954ರ ಮಾರ್ಚ್ 11ರಂದು.