ಬೀದಿದೀಪದ ಕೆಳಗೆ ಓದಿದ ವಿಶ್ವೇಶ್ವರಯ್ಯ: ಫಾರ್ವರ್ಡ್‌ನಲ್ಲಿ ನಿಜವೆಷ್ಟು, ನಮ್ಮ ಮಕ್ಕಳ ನಿದ್ದೆಗೆ ಪಾಠವೇನು?

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದರೆ ಸಾಕು, ಈ ಫಾರ್ವರ್ಡ್ ಮತ್ತೆ ಸುತ್ತಲು ಶುರುವಾಗುತ್ತದೆ. ಉರಿಯುತ್ತಿರುವ ಬಲ್ಬಿನ ಕಂಬ, ಅದರ ಕೆಳಗೆ ಪುಸ್ತಕ ಹಿಡಿದು ಕೂತ ಹುಡುಗ, ಪಕ್ಕದಲ್ಲಿ ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ. ರಾತ್ರಿಯಿಡೀ ನಿದ್ದೆಗೆಟ್ಟು ಓದಿದ್ದಕ್ಕೇ ಅವರು ಅಷ್ಟು ದೊಡ್ಡವರಾದರು, ನಿಮ್ಮ ಮಕ್ಕಳಿಗೂ ನಾಲ್ಕು ಗಂಟೆ ನಿದ್ದೆ ಸಾಕು ಎನ್ನುವುದು ಅದರ ತಾತ್ಪರ್ಯ.

ದೊಡ್ಡಬಳ್ಳಾಪುರ, ದೇವನಹಳ್ಳಿಯ ಕಡೆ ಈ ಮಾತಿಗೆ ತೂಕ ಇನ್ನೂ ಜಾಸ್ತಿ. ನಂದಿ ಬೆಟ್ಟದ ಆಚೆ ಮಗ್ಗುಲಿನ ಮುದ್ದೇನಹಳ್ಳಿ ನಮಗೆ ನೆರೆಯೂರು. ನಮ್ಮ ಪಕ್ಕದ ಹುಡುಗನೇ ಹಾಗೆ ಓದಿದ ಎಂದರೆ ಯಾವ ಅಪ್ಪ ಅಮ್ಮ ತಾನೇ ನಂಬುವುದಿಲ್ಲ? ಆದ್ದರಿಂದ ಆ ಹುಡುಗನ ಬದುಕನ್ನು ಮೊದಲಿನಿಂದ ನೋಡೋಣ. ಅದರಲ್ಲಿ ಮಕ್ಕಳಿಗೆ ಹೇಳಬೇಕಾದ ಪಾಠ ಖಂಡಿತ ಇದೆ. ಫಾರ್ವರ್ಡ್ ಹೇಳುವ ಪಾಠ ಮಾತ್ರ ಅದಲ್ಲ.

ಮುದ್ದೇನಹಳ್ಳಿಯಿಂದ ಬೆಂಗಳೂರಿಗೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು. ಆ ದಿನವನ್ನೇ ಈಗ ದೇಶವೆಲ್ಲ ಎಂಜಿನಿಯರುಗಳ ದಿನ ಎಂದು ಆಚರಿಸುತ್ತದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆಗೆ ಕೊರತೆ ಇರಲಿಲ್ಲ, ಹಣಕ್ಕೆ ಇತ್ತು. ಮಗ ಇನ್ನೂ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು.

ಮೊದಲ ಓದು ಚಿಕ್ಕಬಳ್ಳಾಪುರದಲ್ಲಿ. ಮುಂದೆ ಓದಬೇಕೆಂದರೆ ಬೆಂಗಳೂರಿಗೇ ಹೋಗಬೇಕಿತ್ತು. ಆ ಕಡೆಗೆ ರೈಲು ಬರುವುದಕ್ಕೆ ಇನ್ನೂ ದಶಕಗಳಿದ್ದವು. ದೇವನಹಳ್ಳಿ ದಾಟಿ ಹೋಗುವ ದಾರಿಯಲ್ಲಿ ಎತ್ತಿನಗಾಡಿ ಇಲ್ಲವೇ ಕಾಲ್ನಡಿಗೆ. ಇಂದು ಅದೇ ದಿಕ್ಕಿನಲ್ಲಿ ವಿಮಾನಗಳು ಇಳಿಯುತ್ತವೆ.

ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರು ಆಸರೆಯಾದರು. ಆದರೂ ಓದಿನ ಖರ್ಚನ್ನು ಹುಡುಗನೇ ನೋಡಿಕೊಳ್ಳಬೇಕಿತ್ತು. ಅದಕ್ಕಾಗಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟರು. ಹಗಲು ಸೆಂಟ್ರಲ್ ಕಾಲೇಜು, ಬಿಡುವಿನಲ್ಲಿ ಮನೆಪಾಠ, ಉಳಿದ ಹೊತ್ತಿನಲ್ಲಿ ತಮ್ಮ ಓದು. ಗಣಿತದಲ್ಲಿ ಹುಡುಗ ಚುರುಕು ಎಂದು ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಅವರಿಗೆ ವಿಶೇಷ ಮೆಚ್ಚುಗೆ ಇತ್ತು. 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಹಾಗಾದರೆ ಬೀದಿದೀಪ?

ಫಾರ್ವರ್ಡ್‌ನ ಚಿತ್ರವನ್ನು ಇನ್ನೊಮ್ಮೆ ನೋಡಿ. ಕಂಬದ ಮೇಲಿರುವುದು ವಿದ್ಯುತ್ ಬಲ್ಬು. ಬೆಂಗಳೂರಿನಲ್ಲಿ ವಿದ್ಯುತ್ ಬೀದಿದೀಪ ಉರಿದದ್ದು 1905ರ ಆಗಸ್ಟ್ 5ರಂದು, ಶಿವನಸಮುದ್ರದಿಂದ ಕರೆಂಟು ಬಂದ ಮೇಲೆ. ವಿಶ್ವೇಶ್ವರಯ್ಯ ಬೆಂಗಳೂರಿನಲ್ಲಿ ಓದು ಮುಗಿಸಿ ಹೊರಟಿದ್ದು ಅದಕ್ಕೂ ಇಪ್ಪತ್ತನಾಲ್ಕು ವರ್ಷ ಮುಂಚೆ. ಅಂದರೆ ಆ ಚಿತ್ರ ನಿಜವಾಗಿರಲು ಸಾಧ್ಯವೇ ಇಲ್ಲ.

ಎಣ್ಣೆಯ ಬೀದಿದೀಪ ಇದ್ದಿರಬಹುದಲ್ಲ ಎಂದು ಕೇಳಬಹುದು. ಬಡ ವಿದ್ಯಾರ್ಥಿಗಳು ಅಂಥ ಬೆಳಕಿನಲ್ಲಿ ಓದಿದ್ದುಂಟು. ಮದ್ರಾಸಿನ ನ್ಯಾಯಮೂರ್ತಿ ಮುತ್ತುಸ್ವಾಮಿ ಅಯ್ಯರ್, ಕಲ್ಕತ್ತೆಯ ಈಶ್ವರಚಂದ್ರ ವಿದ್ಯಾಸಾಗರ ಅವರ ಬಗ್ಗೆಯೂ ಇದೇ ಕಥೆ ಇದೆ. ಕಷ್ಟಪಟ್ಟು ಮೇಲೆ ಬಂದವರೆಲ್ಲರ ಹೆಸರಿಗೂ ನಮ್ಮ ಜನ ಒಂದು ಬೀದಿದೀಪ ಅಂಟಿಸುತ್ತಾರೆ. ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಎಂಬ ಕಥೆಯೂ ಹಾಗೆಯೇ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಓಡಾಡುವ ಆ ಕಥೆಯನ್ನು ಬೇರೆ ಕಡೆ ಚಾಣಕ್ಯನ ಹೆಸರಿನಲ್ಲಿ ಹೇಳುತ್ತಾರೆ.

ಅದು ಹಾಗಿರಲಿ, ಒಂದು ಮಾತು ಮರೆಯಬಾರದು. ಬೀದಿದೀಪದ ಕಥೆ ಹೇಳುವುದು ಮನೆಯಲ್ಲಿ ಬೆಳಕಿರಲಿಲ್ಲ ಎಂದೇ ಹೊರತು ಹುಡುಗ ನಿದ್ದೆ ಮಾಡಲಿಲ್ಲ ಎಂದಲ್ಲ. ಕರೆಂಟಿಲ್ಲದ ಊರುಗಳಲ್ಲಿ ಕತ್ತಲಾದರೆ ದಿನ ಮುಗಿದಂತೆ. ದೀಪದ ಎಣ್ಣೆಗೂ ಕಾಸು ಬೇಕು. ರಾತ್ರಿ ಹನ್ನೆರಡರವರೆಗೆ ಎಚ್ಚರವಿರುವುದು ಈಗಿನಷ್ಟು ಸುಲಭವಾಗಿರಲಿಲ್ಲ. ಇಂದು ಮಕ್ಕಳ ನಿದ್ದೆ ಕೆಡಿಸುವ ದೀಪ ಬೀದಿಯಲ್ಲಿಲ್ಲ, ಅವರ ಅಂಗೈಯಲ್ಲಿದೆ.

ಅವರನ್ನು ಮೇಲೆ ತಂದ ಅಭ್ಯಾಸಗಳು

ವಿಶ್ವೇಶ್ವರಯ್ಯನವರ ಮುಂದಿನ ಬದುಕು ಎಲ್ಲರಿಗೂ ಗೊತ್ತು. ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು, ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳು, 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ರಕ್ಷಣಾ ಯೋಜನೆ. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಮೈಸೂರು ಬ್ಯಾಂಕು 1913ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ ಬಂದವು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವತ್ತ ಸಂಸ್ಥಾನ ಹೆಜ್ಜೆ ಇಟ್ಟಿದ್ದೂ ಅವರ ಕಾಲದಲ್ಲೇ.

ಇಷ್ಟೆಲ್ಲ ಮಾಡಿದ ಮನುಷ್ಯನ ದಿನಚರಿ ಹೇಗಿತ್ತು? ಹತ್ತಿರದಿಂದ ನೋಡಿದವರೆಲ್ಲ ಒಂದೇ ಮಾತು ಹೇಳಿದ್ದಾರೆ: ಗಡಿಯಾರದಂತೆ. ಊಟಕ್ಕೆ ಹೊತ್ತು, ಕೆಲಸಕ್ಕೆ ಹೊತ್ತು, ನಡಿಗೆಗೆ ಹೊತ್ತು. ಮಿತವಾದ ಊಟ. ಯಾವುದೇ ಸಭೆಗೆ ಹೋಗುವ ಮುನ್ನ ವಿಷಯವನ್ನು ಮೊದಲೇ ಓದಿ, ಟಿಪ್ಪಣಿ ಮಾಡಿಕೊಂಡು ಹೋಗುವ ಶಿಸ್ತು. ಕೊನೇ ಗಳಿಗೆಯ ಗಡಿಬಿಡಿ ಅವರ ಜಾಯಮಾನವೇ ಅಲ್ಲ.

ಆ ಶಿಸ್ತು ಎಷ್ಟು ಬಾಳಿಕೆ ಬಂತು ನೋಡಿ. 1951ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ತಮ್ಮ ವೃತ್ತಿಜೀವನದ ನೆನಪುಗಳ ಪುಸ್ತಕ ಹೊರತಂದರು. ಅದಾದ ಮೇಲೂ ಬಿಹಾರದ ಮೊಕಾಮಾ ಬಳಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಎಂದು ಸಲಹೆ ಕೊಟ್ಟರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ತೀರಿಕೊಂಡಾಗ ನೂರು ದಾಟಿದ್ದರು. ಅವರ ಸಮಾಧಿ ಇರುವುದು ಹುಟ್ಟಿದೂರು ಮುದ್ದೇನಹಳ್ಳಿಯಲ್ಲೇ.

ವಿಜ್ಞಾನ ಏನು ಹೇಳುತ್ತದೆ?

ಓದು ಮತ್ತು ಮರೆವಿನ ಬಗ್ಗೆ ಮೊದಲ ವೈಜ್ಞಾನಿಕ ಪುಸ್ತಕ ಬಂದಿದ್ದು ವಿಶ್ವೇಶ್ವರಯ್ಯ ಕೆಲಸಕ್ಕೆ ಸೇರಿದ ಮರುವರ್ಷ, 1885ರಲ್ಲಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ಎರಡು ಸಂಗತಿ ಕಂಡುಕೊಂಡರು. ಓದಿದ್ದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ದಿನಗಳಲ್ಲೇ ಮರೆತುಹೋಗುತ್ತದೆ. ಅದೇ ಪಾಠವನ್ನು ಒಂದೇ ಸಲ ಉರು ಹೊಡೆಯುವ ಬದಲು ಬೇರೆ ಬೇರೆ ದಿನ ಸ್ವಲ್ಪ ಸ್ವಲ್ಪ ಓದಿದರೆ ಹೆಚ್ಚು ಕಾಲ ನಿಲ್ಲುತ್ತದೆ.

1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡ್ಯಾಲೆನ್‌ಬಾಕ್ ಇನ್ನೊಂದು ಪ್ರಯೋಗ ಮಾಡಿದರು. ಕಲಿತ ಮೇಲೆ ಎಚ್ಚರವಾಗಿದ್ದಾಗಿಗಿಂತ, ಕಲಿತ ಮೇಲೆ ಮಲಗಿ ಎದ್ದಾಗ ಮರೆವು ಕಡಿಮೆ ಇತ್ತು. ಆಮೇಲಿನ ಸಂಶೋಧನೆಗಳು ಇದರ ಕಾರಣವನ್ನೂ ತೋರಿಸಿವೆ. ಹಗಲು ಕಲಿತದ್ದು ಮೊದಲು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಆಶ್ರಯದಲ್ಲಿರುತ್ತದೆ. ಗಾಢ ನಿದ್ದೆಯಲ್ಲಿ ಮಿದುಳು ಅದನ್ನು ಮತ್ತೆ ಮತ್ತೆ ತಿರುವಿಹಾಕಿ ಹೊರಪದರದಲ್ಲಿ ಭದ್ರಪಡಿಸುತ್ತದೆ. ಕಣಜಕ್ಕೆ ರಾಗಿ ತುಂಬುವ ಕೆಲಸ ನಡೆಯುವುದೇ ರಾತ್ರಿ ಎಂದುಕೊಳ್ಳಿ. ನಿದ್ದೆ ಬಿಟ್ಟು ಓದುವವರು ರಾಗಿಯನ್ನು ಕಣದಲ್ಲೇ ಬಿಟ್ಟು ಬಂದಂತೆ.

ಎಷ್ಟು ನಿದ್ದೆ ಬೇಕು? ನಿದ್ರಾ ತಜ್ಞರ ಶಿಫಾರಸು ಹೀಗಿದೆ: 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ. ನಾಲ್ಕು ಗಂಟೆ ಯಾವ ಮಗುವಿಗೂ ಸಾಲದು. ನಿದ್ದೆ ಕಡಿಮೆಯಾದರೆ ಗಮನ ಚದುರುತ್ತದೆ, ಸಿಟ್ಟು ಬೇಗ ಬರುತ್ತದೆ, ಗೊತ್ತಿರುವ ಲೆಕ್ಕವೂ ತಪ್ಪುತ್ತದೆ.

ಬೆಳಗಿನ ಜಾವ ಎದ್ದು ಓದಿದರೇ ತಲೆಗೆ ಹತ್ತುವುದು ಎಂಬ ನಂಬಿಕೆಯೂ ಇದೆ. ರಾತ್ರಿ ಎಂಟೂವರೆಗೆ ಮಲಗಿ ನಾಲ್ಕೂವರೆಗೆ ಎದ್ದರೆ ಎಂಟು ಗಂಟೆ ನಿದ್ದೆ ಆಯಿತು, ತೊಂದರೆಯಿಲ್ಲ. ಹನ್ನೊಂದೂವರೆಗೆ ಮಲಗಿದವನನ್ನು ನಾಲ್ಕೂವರೆಗೆ ಎಬ್ಬಿಸಿದರೆ ಐದೇ ಗಂಟೆ. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ಸ್ವಲ್ಪ ತಡವಾಗಿ ಸ್ರವಿಸುತ್ತದೆ. ಆದ್ದರಿಂದ ಹತ್ತನೇ ತರಗತಿಯ ಮಗು ಬೆಳಿಗ್ಗೆ ಏಳಲು ಒದ್ದಾಡಿದರೆ ಅದೆಲ್ಲ ಸೋಮಾರಿತನವಲ್ಲ, ದೇಹದ ಗಡಿಯಾರವೇ ಹಾಗಿದೆ.

ನಮ್ಮ ಮನೆಗಳಲ್ಲಿ ಹೇಗೆ?

ಎಲ್ಲರ ಮನೆಯೂ ಒಂದೇ ತರಹ ಇರುವುದಿಲ್ಲ. ದೊಡ್ಡಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಮಗ್ಗದ ಸದ್ದಿನಲ್ಲೇ ಮಕ್ಕಳು ಮಲಗಬೇಕು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಳು ಹಣ್ಣಾಗುವ ವೇಳೆ ರಾತ್ರಿಯೂ ಕೆಲಸ. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಕೋಳಿ ಕೂಗುವ ಮುನ್ನವೇ ಏಳಬೇಕು. ಇಂಥ ಕಡೆ ನಿದ್ದೆಗೂ ಯೋಜನೆ ಬೇಕು.

ಏಳುವ ಹೊತ್ತು ಮೊದಲು ಗೊತ್ತು ಮಾಡಿ, ಅಲ್ಲಿಂದ ಎಂಟೂವರೆ ಗಂಟೆ ಹಿಂದಕ್ಕೆ ಎಣಿಸಿ. ಅದೇ ಮಲಗುವ ಹೊತ್ತು. ಐದೂವರೆಗೆ ಏಳಬೇಕಾದ ಮಗು ಒಂಬತ್ತಕ್ಕೆ ಮಲಗಲಿ. ಭಾನುವಾರವೂ ಇದು ಹೆಚ್ಚು ಬದಲಾಗದಿರಲಿ.

ಮಗ್ಗದ ಸದ್ದು ನಿಲ್ಲಿಸಲಾಗದಿದ್ದರೆ ಅದರಿಂದ ದೂರದ ಮೂಲೆಯಲ್ಲಿ ಮಕ್ಕಳ ಹಾಸಿಗೆ ಹಾಕಿ. ಪರೀಕ್ಷೆಯ ತಿಂಗಳಲ್ಲಾದರೂ ರಾತ್ರಿ ಕೆಲಸದಿಂದ ಅವರಿಗೆ ಬಿಡುವು ಕೊಡಿ.

ಮೊಬೈಲು ರಾತ್ರಿ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ, ದಿಂಬಿನ ಪಕ್ಕದಲ್ಲಲ್ಲ. ಮಲಗುವ ಒಂದು ಗಂಟೆ ಮುಂಚೆ ಬಿಟ್ಟರೆ ಇನ್ನೂ ಒಳ್ಳೆಯದು. ಅಪ್ಪ ಅಮ್ಮನ ಮೊಬೈಲೂ ಅಲ್ಲೇ ಇದ್ದರೆ ಮಕ್ಕಳು ಬೇಗ ಒಪ್ಪುತ್ತಾರೆ.

ನಿದ್ದೆ ಓಡಿಸಲು ರಾತ್ರಿ ಕಾಫಿ, ಟೀ ಬೇಡ. ಕುಡಿದ ಐದಾರು ಗಂಟೆಯ ಮೇಲೂ ಅದರ ಕೆಫೀನಿನ ಅರ್ಧದಷ್ಟು ಮೈಯಲ್ಲಿ ಉಳಿದಿರಬಹುದು.

ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಾದದ್ದನ್ನು ಹಾಳೆಯ ಮೇಲೆ ಬರೆಯಲಿ. ಇಲ್ಲವೇ ತಮ್ಮನಿಗೋ ತಂಗಿಗೋ ಹೇಳಿಕೊಡಲಿ. ಬೇರೆಯವರಿಗೆ ಕಲಿಸುವಾಗ ನಮಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಹೊಟ್ಟೆಪಾಡಿಗಾಗಿ ಮನೆಪಾಠ ಹೇಳಿದ ಮುದ್ದೇನಹಳ್ಳಿಯ ಹುಡುಗನಿಗೆ ಈ ಲಾಭವೂ ಸಿಕ್ಕಿರಬೇಕು.

ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಪಾಠ ಹಿಡಿಯಬೇಡಿ. ಅಂದು ಒಂದು ಅಧ್ಯಾಯ ಬಿಟ್ಟುಹೋದರೂ ಪರವಾಗಿಲ್ಲ, ನಿದ್ದೆ ಬಿಟ್ಟುಹೋಗಬಾರದು. ಭಯ, ಒತ್ತಡದಿಂದ ಮಗುವಿಗೆ ವಾರಗಟ್ಟಲೆ ನಿದ್ದೆ ಬರದಿದ್ದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಇಷ್ಟು

ವಿಶ್ವೇಶ್ವರಯ್ಯ ವಿದ್ಯುತ್ ಬೀದಿದೀಪದ ಕೆಳಗೆ ಓದಿ ಬಿ.ಎ. ಮಾಡಿದರು ಎಂಬುದು ಸುಳ್ಳು. ನಿದ್ದೆಗೆಟ್ಟಿದ್ದರಿಂದ ದೊಡ್ಡವರಾದರು ಎಂಬುದಕ್ಕೆ ಆಧಾರವಿಲ್ಲ. ಬಡತನದಲ್ಲಿ ಬೆಳೆದು, ದುಡಿಯುತ್ತಾ ಓದಿ, ಹೊತ್ತು ಹೊತ್ತಿಗೆ ಆಯಾ ಕೆಲಸ ಮಾಡುವ ಶಿಸ್ತನ್ನು ನೂರು ವರ್ಷ ಕಾಪಾಡಿಕೊಂಡರು ಎಂಬುದು ನಿಜ.

ಮುಂದಿನ ಸಲ ಆ ಬಲ್ಬಿನ ಕಂಬದ ಚಿತ್ರ ನಿಮ್ಮ ಗುಂಪಿಗೆ ಬಂದರೆ, 1905ರ ಕಥೆ ಹೇಳಿ. ಆಮೇಲೆ ಮೊಬೈಲು ಅಡುಗೆಮನೆಯಲ್ಲಿಟ್ಟು, ಮಕ್ಕಳ ಕೋಣೆಯ ದೀಪ ಆರಿಸಿ ಬನ್ನಿ.