ಹೆಸರಲ್ಲೇ ಹುಬ್ಬಳ್ಳಿ: ಶಾಂತಾ ಹುಬ್ಳೀಕರ್

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ನಾವೆಲ್ಲ ಹುಬ್ಬಳ್ಳಿಗೆ ಎಷ್ಟು ಸಲ ಹೋಗಿ ಬಂದಿಲ್ಲ! ಆದ್ರೆ ಆ ಊರನ್ನು ಹೆಸರಲ್ಲೇ ಹೊತ್ತು ದೊಡ್ಡ ಸ್ಟಾರ್ ಆದ ನಟಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಶಾಂತಾ ಹುಬ್ಳೀಕರ್ ಹುಟ್ಟಿದ್ದು 1914ರಲ್ಲಿ, ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ. ಮೊದಲ ಹೆಸರು ರಾಜಮ್ಮ. ನಾಟಕ ಕಂಪನಿಯಲ್ಲಿ ಪಳಗಿ ಆಮೇಲೆ ಸಿನಿಮಾಕ್ಕೆ ಬಂದರು. ನಟಿಯರು ತಮ್ಮ ಹಾಡನ್ನು ತಾವೇ ಹಾಡಬೇಕಿದ್ದ ಕಾಲ ಅದು.

1939ರಲ್ಲಿ ವಿ. ಶಾಂತಾರಾಮ್ ಅವರು ಪುಣೆಯ ಪ್ರಭಾತ್ ಕಂಪನಿಯಲ್ಲಿ ಮರಾಠಿಯ ‘ಮಾಣೂಸ್’ ಮತ್ತು ಅದರ ಹಿಂದಿ ರೂಪ ‘ಆದ್ಮಿ’ ತೆಗೆದರು. ವೇಶ್ಯೆಯೊಬ್ಬಳನ್ನು ಪೊಲೀಸ್ ಪೇದೆಯೊಬ್ಬ ಪ್ರೀತಿಸುವ ಕಥೆ. ಎರಡರಲ್ಲೂ ಆ ಪಾತ್ರ ಇವರದೇ. ನಾಳಿನ ಚಿಂತೆ ಬಿಡಿ ಅನ್ನುವ ಇವರ ಹಾಡು ಮನೆಮಾತಾಯ್ತು. 1942ರಲ್ಲಿ ಗುಬ್ಬಿ ವೀರಣ್ಣನವರ ಜೊತೆ ಕನ್ನಡದ ‘ಜೀವನ ನಾಟಕ’ದಲ್ಲೂ ನಟಿಸಿದರು.

ಆದ್ರೆ ಆ ನಾಳೆ ಇವರಿಗೆ ಕಷ್ಟವಾಗೇ ಬಂತು. ಜನ ಮರೆತರು, ಮುಪ್ಪಿನಲ್ಲಿ ವೃದ್ಧಾಶ್ರಮ ಸೇರಬೇಕಾಯ್ತು. 1990ರಲ್ಲಿ ಬಂದ ಮರಾಠಿ ಆತ್ಮಕಥೆಗೆ ಅದೇ ಹಾಡಿನ ಹೆಸರಿಟ್ಟರು. 1992ರಲ್ಲಿ ತೀರಿಕೊಂಡರು.

ಪ್ಲೇಸ್‌ಮೆಂಟ್ ಚಿಂತೆಯಲ್ಲಿರೋ ನಾವು ಒಂದು ಸಂಜೆ ಬಿಡುವು ಮಾಡ್ಕೊಂಡು ‘ಮಾಣೂಸ್’ ನೋಡೋಣ. ನಮ್ಮ ಕಡೆಯ ಹೆಣ್ಣುಮಗಳ ದನಿ ಅದು.