ಪೆರಿಯಾರನ್ನು ಮೂಡಣಕ್ಕೆ ತಿರುಗಿಸಿದ ಪೆನ್ನಿಕ್ವಿಕ್

ತಮಿಳುನಾಡಿನ ತೇಣಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕಾಮಯಗೌಂಡನ್‌ಪಟ್ಟಿ ಎಂಬ ಊರಿದೆ. ಆ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಆದರೆ ಆ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಒಕ್ಕಲಿಗರೂ ಕಪ್ಪಿಲಿಯರೂ ಇದ್ದಾರೆ. ಶಾಲೆ ತಮಿಳಿನಲ್ಲಿ, ಮಾತು ಕನ್ನಡದಲ್ಲಿ. ಗಡಿನಾಡಿನ ನಮಗೆ ಈ ಪಾಡು ಹೊಸತಲ್ಲ. ಅವರ ಗದ್ದೆಗೆ ನೀರು ಬರುವುದು ಕೇರಳದ ಕಾಡಿನಿಂದ. ಅದನ್ನು ತಂದವರು ಜಾನ್ ಪೆನ್ನಿಕ್ವಿಕ್ ಎಂಬ ಆಂಗ್ಲ ಇಂಜಿನಿಯರರು.

ಪೆನ್ನಿಕ್ವಿಕ್ ಹುಟ್ಟಿದ್ದು 1841ರ ಜನವರಿ 15ರಂದು, ಪುಣೆಯಲ್ಲಿ. ಎಂಟು ವರ್ಷ ತುಂಬುವ ಹೊತ್ತಿಗೆ ತಂದೆಯೂ ಅಣ್ಣನೂ ಚಿಲಿಯನ್‌ವಾಲಾದ ಯುದ್ಧದಲ್ಲಿ ಒಂದೇ ದಿನ ಮಡಿದರು. ಅಣ್ಣನಿಗೆ ಆಗ ಹದಿನೇಳು ವರ್ಷ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಂ ಮತ್ತು ಆಡಿಸ್ಕೊಂಬಿನಲ್ಲಿ ಓದಿ ಮುಗಿಸಿದ ಬಾಲಕ 1860ರಲ್ಲಿ ಮದರಾಸು ಇಂಜಿನಿಯರರ ಪಡೆಯ ಅಧಿಕಾರಿಯಾಗಿ ಹಿಂತಿರುಗಿದನು.

ಪಶ್ಚಿಮಕ್ಕೆ ಹರಿದು ಸಮುದ್ರ ಸೇರುವ ಪೆರಿಯಾರನ್ನು ಘಟ್ಟದಾಚೆಯ ಒಣನೆಲಕ್ಕೆ ತಿರುಗಿಸಬೇಕೆಂಬ ಯೋಚನೆ ಹಳೆಯದು. ರಾಮನಾಡಿನ ಮಂತ್ರಿ ಮುತ್ತಿರುಳಪ್ಪ ಪಿಳ್ಳೆಯವರು 18ನೇ ಶತಮಾನದಲ್ಲೇ ಇದನ್ನು ಚಿಂತಿಸಿದ್ದರು. 1808ರಲ್ಲಿ ಸ್ಥಳ ಪರೀಕ್ಷಿಸಿದ ಆಂಗ್ಲ ಅಧಿಕಾರಿ ಇದು ಆಗದ ಕೆಲಸವೆಂದು ಕೈಬಿಟ್ಟರು. 1876-78ರ ಭೀಕರ ಕ್ಷಾಮದಲ್ಲಿ ಮದರಾಸು ಪ್ರಾಂತ ತತ್ತರಿಸಿದ ಮೇಲೆ ಸರಕಾರದ ಕಣ್ಣು ತೆರೆಯಿತು. 1882ರಲ್ಲಿ ಯೋಜನೆ ತಯಾರಿಸುವ ಹೊಣೆ ಪೆನ್ನಿಕ್ವಿಕ್ಕರ ಪಾಲಿಗೆ ಬಂತು. 1886ರ ಅಕ್ಟೋಬರ್ 29ರಂದು ತಿರುವಿತಾಂಕೂರು ಸಂಸ್ಥಾನ 8,000 ಎಕರೆ ಕಾಡನ್ನು 999 ವರ್ಷಗಳ ಗೇಣಿಗೆ ಬರೆದುಕೊಟ್ಟಿತು. ಎಕರೆಗೆ ವರ್ಷಕ್ಕೆ ಐದು ರೂಪಾಯಿ!

1887ರಲ್ಲಿ ಕೆಲಸ ಆರಂಭವಾಯಿತು. ಅಲ್ಲಿ ದಾರಿಯಿಲ್ಲ, ಊರಿಲ್ಲ. ಆನೆಗಳ ಕಾಟ, ಅದಕ್ಕಿಂತ ಹೆಚ್ಚಾಗಿ ಮಲೇರಿಯಾ. ಕೂಲಿಗಳು ನೂರಾರು ಸಂಖ್ಯೆಯಲ್ಲಿ ಸತ್ತರು. ಅವರ ಹೆಸರುಗಳು ಯಾರಿಗೂ ನೆನಪಿಲ್ಲ. ಮಳೆಗಾಲದ ನೆರೆಗೆ ತಾತ್ಕಾಲಿಕ ಒಡ್ಡುಗಳು ಕೊಚ್ಚಿಹೋದವು, ಮತ್ತೆ ಕಟ್ಟಿದರು. ಪೆನ್ನಿಕ್ವಿಕ್ ತಮ್ಮ ಆಸ್ತಿ ಮಾರಿ ಕೆಲಸ ಮುಗಿಸಿದರೆಂದು ಕಣಿವೆಯಲ್ಲಿ ಹೇಳುತ್ತಾರೆ. ಇದು ಭಕ್ತಿಯಿಂದ ಬೆಳೆದ ಕತೆಯೆಂದೇ ತೋರುತ್ತದೆ. ಕಟ್ಟಡದ ವೆಚ್ಚ ಮದರಾಸು ಸರಕಾರದ್ದು. ಪಟ್ಟು ಬಿಡದ ಮನುಷ್ಯನೆಂಬುದಕ್ಕೆ ಆ ಕತೆಯ ಆಸರೆ ಬೇಕಿಲ್ಲ. ಸುಣ್ಣ, ಸುರ್ಕಿಯ ಗಾರೆ ಮತ್ತು ಕಲ್ಲಿನಲ್ಲಿ 155 ಅಡಿ ಎತ್ತರಕ್ಕೆ ಎದ್ದ ಅಣೆಕಟ್ಟನ್ನು 1895ರ ಅಕ್ಟೋಬರ್ 10ರಂದು ಗವರ್ನರ್ ವೆನ್‌ಲಾಕ್ ಉದ್ಘಾಟಿಸಿದರು. ನೀರು ಬೆಟ್ಟದ ಸುರಂಗ ದಾಟಿ ಸುರುಳಿಯಾರಿಗೆ, ಅಲ್ಲಿಂದ ವೈಗೈಗೆ ಹರಿಯಿತು. ಕಂಬಂ ಕಣಿವೆಯಲ್ಲಿ ಇಂದು 14,707 ಎಕರೆ ಎರಡು ಬೆಳೆಯ ಗದ್ದೆ ಈ ನೀರನ್ನೇ ನಂಬಿದೆ.

ಅವರು 1896ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿನ ಕೂಪರ್ಸ್ ಹಿಲ್ ಇಂಜಿನಿಯರಿಂಗ್ ಕಾಲೇಜಿನ ಮುಖ್ಯಸ್ಥರಾದರು. ಬ್ರಿಸ್ಬೇನ್ ನದಿಯ ನೆರೆಯ ಬಗ್ಗೆ ಸಲಹೆ ಕೊಡಲು ಆಸ್ಟ್ರೇಲಿಯಾಕ್ಕೂ ಹೋಗಿಬಂದರು. 1911ರ ಮಾರ್ಚ್ 9ರಂದು ತೀರಿಕೊಂಡರು.

ಆದರೆ ಅವರ ಕೆಲಸಕ್ಕೆ ಅವರು ಎಣಿಸದ ಒಂದು ಬಾಳು ಬಂತು. ಮುಳುಗಿದ ಮರಗಳ ಬೊಡ್ಡೆಗಳು ಇಂದಿಗೂ ನೀರಿನ ಮೇಲೆ ತಲೆಯೆತ್ತಿ ನಿಂತಿವೆ. ನೀರುಕಾಗೆಗಳು ಅವುಗಳ ಮೇಲೆ ಕೂರುತ್ತವೆ. ಕಾಡನ್ನು ಮುಳುಗಿಸಿದ ಕೆರೆಯ ಸುತ್ತಲೇ ಕಾಡು ಉಳಿಯಿತು. 1934ರಲ್ಲಿ ತಿರುವಿತಾಂಕೂರು ಅರಸರು ಅಲ್ಲಿ ನೆಲ್ಲಿಕ್ಕಂಪಟ್ಟಿ ಅಭಯಾರಣ್ಯ ಸ್ಥಾಪಿಸಿದರು. 1950ರಲ್ಲಿ ಅದು ವಿಸ್ತರಿಸಿ ಪೆರಿಯಾರ್ ಅಭಯಾರಣ್ಯವಾಯಿತು, 1978ರಲ್ಲಿ ಹುಲಿ ಯೋಜನೆಗೆ ಸೇರಿತು. 1996ರಿಂದ ವಿಶ್ವಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆ ದೇಶದ ಏಳು ಕಾಡುಗಳಲ್ಲಿ ನಡೆಯಿತು. ಅವುಗಳಲ್ಲಿ ಪೆರಿಯಾರ್ ಒಂದು, ನಮ್ಮ ನಾಗರಹೊಳೆ ಇನ್ನೊಂದು. ಕದ್ದು ದಾಲ್ಚಿನ್ನಿ ತೊಗಟೆ ಸುಲಿಯುತ್ತಿದ್ದವರು ಆಗ ಕಾಡಿನ ಕಾವಲುಗಾರರೂ ಪ್ರವಾಸಿಗಳ ದಾರಿತೋರುಗರೂ ಆದರು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪೆರಿಯಾರ್‌ಗೂ ತಲಕಾವೇರಿಗೂ ಒಟ್ಟಿಗೇ ಸ್ಥಾನ ದೊರೆಯಿತು.

ಈ ರಕ್ಷಣೆಯ ಬೆಲೆ ಕಣಿವೆಯ ಕನ್ನಡಿಗರಿಗೂ ತಟ್ಟಿದೆ. ಕಂಬಂನ ಕಪ್ಪಿಲಿಯರು ಸಾಕುವ ದೇವರ ಹೆಸರಿನ ಹಸುಗಳ ಹಿಂಡನ್ನು ಅವರು ದೇವರ ಆವು ಎನ್ನುತ್ತಿದ್ದುದು 1906ರ ಮಧುರೆ ಗೆಜೆಟಿಯರಿನಲ್ಲೇ ದಾಖಲಾಗಿದೆ. ಆವು ಎಂಬ ಹಳೆಗನ್ನಡದ ಮಾತು ಅಷ್ಟು ದೂರದಲ್ಲಿ ಉಳಿದುದನ್ನು ಕಂಡು ನಾವು ಹಿಗ್ಗಬೇಕು. 2021ರಲ್ಲಿ ಮೇಘಮಲೆಯ ಕಾಡೂ ಹುಲಿ ಮೀಸಲಾಯಿತು. 2022ರಲ್ಲಿ ಮದರಾಸು ಹೈಕೋರ್ಟು ತಮಿಳುನಾಡಿನ ಅಭಯಾರಣ್ಯ, ಹುಲಿ ಮೀಸಲುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಬೆಟ್ಟಕ್ಕೆ ಹಿಂಡು ಹೊಡೆಯುತ್ತಿದ್ದವರಿಗೆ ಮೇವಿನ ಚಿಂತೆ ಹತ್ತಿತು. ನಾಡ ತಳಿಯ ದನವೂ ಜೀವವೈವಿಧ್ಯವೇ ಅಲ್ಲವೇ? ಅತ್ತ ಇಡುಕ್ಕಿಯ ಕೆಳದಂಡೆಯವರಿಗೆ ಹಳೆಯ ಅಣೆಕಟ್ಟಿನದೇ ಭಯ. 2014ರಲ್ಲಿ ಸುಪ್ರೀಂ ಕೋರ್ಟು 142 ಅಡಿಯವರೆಗೆ ನೀರು ನಿಲ್ಲಿಸಬಹುದೆಂದು ಹೇಳಿದ ಮೇಲೂ ಆ ಭಯ ಹೋಗಿಲ್ಲ. ಎರಡು ಕಡೆಯ ಸಂಕಟವೂ ನಿಜವಾದುದು.

ಘಟ್ಟದ ಬುಡದ ಲೋವರ್ ಕ್ಯಾಂಪಿನಲ್ಲಿ 2013ರಲ್ಲಿ ಪೆನ್ನಿಕ್ವಿಕ್ಕರ ಸ್ಮಾರಕ ಮಂಟಪವಾಯಿತು. ಅವರ ಜನ್ಮದಿನ ಬರುವುದು ಪೊಂಗಲ್ ಹಬ್ಬದ ಹೊತ್ತಿಗೇ. ಕಣಿವೆಯ ರೈತರು ಅಂದು ಅವರ ಹೆಸರಿನಲ್ಲಿ ಪೊಂಗಲ್ ಉಕ್ಕಿಸುತ್ತಾರೆ.